ತಂತ್ರಾಂಶದ ಬಾಡಿಗೆ ಏರಿದಾಗ: ಓದುಗರ ಪ್ರಶ್ನೆಗಳಿಗೆ ಉತ್ತರ

ಈ ಸಂಚಿಕೆಗೆ ಬಂದ ಪತ್ರಗಳಲ್ಲಿ ಹೆಚ್ಚಿನವು ಕಲಬುರಗಿ, ಬೀದರ್ ಮತ್ತು ಯಾದಗಿರಿ ಜಿಲ್ಲೆಗಳ ಸಣ್ಣ ವ್ಯಾಪಾರಸ್ಥರಿಂದ ಬಂದಿವೆ. ಒಮ್ಮೆ ಹಣ ಕೊಟ್ಟು ಕೊಳ್ಳುತ್ತಿದ್ದ ತಂತ್ರಾಂಶಕ್ಕೆ ಈಗ ವರ್ಷ ವರ್ಷವೂ ಬಾಡಿಗೆ ತೆರಬೇಕಾಗಿ ಬಂದಿರುವುದು ಮತ್ತು ಆ ಬಾಡಿಗೆಯೂ ಏರುತ್ತಿರುವುದು ಎಲ್ಲರ ಅಳಲು. ಹೆಸರು ಪ್ರಕಟಿಸಬಾರದೆಂದು ಹಲವರು ಕೋರಿರುವುದರಿಂದ ಊರು ಮತ್ತು ಉದ್ಯೋಗವನ್ನಷ್ಟೇ ಕೊಟ್ಟಿದ್ದೇವೆ.

ಪ್ರಶ್ನೆ: ಕಪನೂರ ಕೈಗಾರಿಕಾ ಪ್ರದೇಶದಲ್ಲಿ ನಮ್ಮ ಪಾಲುದಾರಿಕೆಯ ದಾಲ್ ಮಿಲ್ ಇದೆ. ಲೆಕ್ಕಪತ್ರದ ತಂತ್ರಾಂಶವನ್ನು ಬಹಳ ಹಿಂದೆಯೇ ಕೊಂಡಿದ್ದೇವೆ, ನಮ್ಮ ಮುನೀಮರಿಗೆ ಅದು ಕರತಲಾಮಲಕ. ಈಗ ಡೀಲರರೊಬ್ಬರು ಬಂದು, ತಿದ್ದುಪಡಿಗಳ ದಾಖಲೆ ಇಡುವ ಹೊಸ ತಂತ್ರಾಂಶವನ್ನು ಕಾನೂನು ಕಡ್ಡಾಯಗೊಳಿಸಿದೆ, ಇ-ಇನ್‌ವಾಯ್ಸ್ (ಸರ್ಕಾರದ ಪೋರ್ಟಲ್‌ನಲ್ಲಿ ನೋಂದಾಯಿಸುವ ಬಿಲ್) ಕೂಡ ಅದರಲ್ಲೇ ಆಗಬೇಕು, ಆದ್ದರಿಂದ ವಾರ್ಷಿಕ ಬಾಡಿಗೆಯ ಕ್ಲೌಡ್ ಆವೃತ್ತಿಗೆ, ಅಂದರೆ ಕಂಪನಿಯ ಸರ್ವರ್‌ನಲ್ಲಿದ್ದು ಇಂಟರ್ನೆಟ್ ಮೂಲಕ ನಡೆಯುವುದಕ್ಕೆ, ಬರಲೇಬೇಕು ಎನ್ನುತ್ತಿದ್ದಾರೆ. ಅವರು ಹೇಳುವ ದರ ಹೋದ ವರ್ಷದ್ದಕ್ಕಿಂತ ಬಹಳ ಹೆಚ್ಚಾಗಿದೆ. ಏನು ಮಾಡಬೇಕು? (ದಾಲ್ ಮಿಲ್ ಪಾಲುದಾರರು, ಕಲಬುರಗಿ)

ಉತ್ತರ: ಡೀಲರ್ ಹೇಳಿದ್ದರಲ್ಲಿ ಅರ್ಧ ಸತ್ಯವಿದೆ, ಆದರೆ ಆ ಅರ್ಧ ತಮಗೆ ಸಂಬಂಧಿಸಿದ್ದಲ್ಲ. ಪ್ರತಿಯೊಂದು ತಿದ್ದುಪಡಿಯನ್ನೂ ದಿನಾಂಕ ಸಮೇತ ದಾಖಲಿಸುವ, ಆ ದಾಖಲೆಯನ್ನು ನಿಷ್ಕ್ರಿಯಗೊಳಿಸಲು ಬಾರದ ತಂತ್ರಾಂಶವನ್ನೇ ಬಳಸಬೇಕೆಂಬ ನಿಯಮ 2023ರ ಏಪ್ರಿಲ್ 1ರಿಂದ ಜಾರಿಯಲ್ಲಿರುವುದು ನಿಜ. ಅದು ಕಂಪನಿ ಕಾಯ್ದೆಯಡಿ ರಚಿಸಿದ ನಿಯಮ, ನೋಂದಾಯಿತ ಕಂಪನಿಗಳಿಗೆ ಅನ್ವಯಿಸುತ್ತದೆ. ಪಾಲುದಾರಿಕೆ ಸಂಸ್ಥೆಗಾಗಲಿ ಒಬ್ಬರೇ ಮಾಲೀಕರಿರುವ ಅಂಗಡಿಗಾಗಲಿ ಅದು ಅನ್ವಯಿಸುವುದಿಲ್ಲ. ಕಲಬುರಗಿಯ ಧಾನ್ಯ ಮಾರುಕಟ್ಟೆಯಾದ ಗಂಜ್‌ನ ಎಷ್ಟೋ ಅಡತಿ ಅಂಗಡಿಗಳು ಈ ಒಂದು ಮಾತಿಗೆ ಹೆದರಿಯೇ ಚೆಕ್ ಬರೆದಿವೆ ಎಂಬುದು ನಮ್ಮ ಅನುಮಾನ.

ಇ-ಇನ್‌ವಾಯ್ಸ್ ವಿಷಯ ಸ್ವಲ್ಪ ಬೇರೆ. ವಾರ್ಷಿಕ ಒಟ್ಟು ವಹಿವಾಟು 5 ಕೋಟಿ ರೂಪಾಯಿ ಮೀರಿದವರಿಗೆ 2023ರ ಆಗಸ್ಟ್ 1ರಿಂದ ಅದು ಕಡ್ಡಾಯವಾಗಿದೆ, ಮತ್ತು ಈ ಒಟ್ಟು ವಹಿವಾಟಿನಲ್ಲಿ ತೆರಿಗೆ ಇಲ್ಲದ ಮಾಲಿನ ಮಾರಾಟವೂ ಸೇರುತ್ತದೆ. ಆದರೆ ಇ-ಇನ್‌ವಾಯ್ಸ್ ಮಾಡಬೇಕಾದದ್ದು ತೆರಿಗೆ ಇರುವ ಮಾಲನ್ನು ನೋಂದಾಯಿತ ವ್ಯಾಪಾರಿಗೆ ಮಾರಿದಾಗ. ತಾವು 50 ಕಿಲೋ ಚೀಲದಲ್ಲಿ ಕಳಿಸುವ ತೊಗರಿ ಬೇಳೆಗೆ ಜಿಎಸ್‌ಟಿ ಇಲ್ಲವಾದ್ದರಿಂದ ಅದಕ್ಕೆ ಬಿಲ್ ಆಫ್ ಸಪ್ಲೈ, ಅಂದರೆ ತೆರಿಗೆ ಹಾಕದ ಬಿಲ್, ಸಾಕು. 2022ರ ಜುಲೈ 18ರಿಂದ ಶೇ 5ರ ತೆರಿಗೆಗೆ ಒಳಪಟ್ಟಿರುವುದು 25 ಕಿಲೋವರೆಗಿನ, ಮೊದಲೇ ಪ್ಯಾಕ್ ಮಾಡಿ ಲೇಬಲ್ ಹಚ್ಚಿದ ಬೇಳೆ. ಅಂಥ ಬಿಲ್ಲುಗಳು ತಿಂಗಳಿಗೆ ಕೆಲವೇ ಆಗುವುದಾದರೆ, ಸರ್ಕಾರದ ಇ-ಇನ್‌ವಾಯ್ಸ್ ಪೋರ್ಟಲ್‌ನಲ್ಲಿರುವ ಉಚಿತ ಸಾಧನದಲ್ಲೇ ಮುನೀಮರು ಅವನ್ನು ಮಾಡಿ ಮುಗಿಸಬಹುದು.

ಇನ್ನು ದರ. ತಂತ್ರಾಂಶಕ್ಕೆ ಶೇ 18ರಷ್ಟು ಜಿಎಸ್‌ಟಿ ಇದೆ. 20,000 ರೂಪಾಯಿ ಎಂದು ಹೇಳಿದ ತಂತ್ರಾಂಶಕ್ಕೆ ತಾವು ಕೊಡುವುದು 23,600 ರೂಪಾಯಿ. ಕಲಬುರಗಿಯ ಸೂಪರ್ ಮಾರ್ಕೆಟ್ ಪ್ರದೇಶದ ಬಟ್ಟೆ ಅಂಗಡಿಯವರು ಈ 3,600 ರೂಪಾಯಿಯನ್ನು ಸರ್ಕಾರಕ್ಕೆ ಕಟ್ಟಬೇಕಾದ ತೆರಿಗೆಯಲ್ಲಿ ಮುರಿದುಕೊಳ್ಳುತ್ತಾರೆ. ತೆರಿಗೆ ಇಲ್ಲದ ಬೇಳೆ ಮಾರುವ ತಮಗೆ, ಮಾರಾಟದಲ್ಲಿ ಆ ಬೇಳೆಯ ಪಾಲು ಎಷ್ಟೋ ಅಷ್ಟರ ಮಟ್ಟಿಗೆ ಈ ಸೌಲಭ್ಯ ಸಿಗುವುದಿಲ್ಲ. ಆದ್ದರಿಂದ ಡೀಲರ್ ಕೊಟ್ಟ ಕೊಟೇಶನ್ನಿನಲ್ಲಿ ‘ತೆರಿಗೆ ಪ್ರತ್ಯೇಕ’ ಎಂದು ಸಣ್ಣ ಅಕ್ಷರದಲ್ಲಿರುವ ಸಾಲು ಬಟ್ಟೆ ಅಂಗಡಿಗಿಂತ ದಾಲ್ ಮಿಲ್ಲಿಗೆ ಹೆಚ್ಚು ಭಾರ.

ಎಲ್ಲಕ್ಕಿಂತ ಮುಖ್ಯವಾದ ಪ್ರಶ್ನೆಯನ್ನು ತಾವು ಕೇಳಿಲ್ಲ, ಡೀಲರರೂ ಹೇಳಿರಲಿಕ್ಕಿಲ್ಲ. ಮುಂದೊಂದು ವರ್ಷ ಬಾಡಿಗೆ ಕಟ್ಟದಿದ್ದರೆ ಹಿಂದಿನ ಲೆಕ್ಕಗಳ ಗತಿ ಏನು? ಜಿಎಸ್‌ಟಿ ಕಾಯ್ದೆಯ ಪ್ರಕಾರ ಲೆಕ್ಕಪತ್ರಗಳನ್ನು ಆಯಾ ವರ್ಷದ ವಾರ್ಷಿಕ ರಿಟರ್ನ್ ಸಲ್ಲಿಸಬೇಕಾದ ಕೊನೆಯ ದಿನಾಂಕದಿಂದ 72 ತಿಂಗಳವರೆಗೆ ಕಾಯ್ದಿಡಬೇಕು. ತಂತ್ರಾಂಶದ ಕರಾರು ಹನ್ನೆರಡು ತಿಂಗಳಿಗೆ ಮುಗಿಯುತ್ತದೆ, ಕಾನೂನಿನ ಹೊಣೆ ಆರು ವರ್ಷ ಉಳಿಯುತ್ತದೆ. ಈ ಅಂತರದಲ್ಲಿಯೇ ಮಾರುವವನ ಬಲ ಅಡಗಿದೆ: ಹಳೆಯ ಲೆಕ್ಕ ನೋಡಬೇಕಾದರೆ ಹೊಸ ಬಾಡಿಗೆ ಕಟ್ಟಲೇಬೇಕು ಎಂಬ ಸ್ಥಿತಿಗೆ ಗಿರಾಕಿ ಬಂದುಬಿಟ್ಟರೆ ದರ ಏರಿಸಲು ಬೇರೆ ಕಾರಣವೇ ಬೇಕಾಗುವುದಿಲ್ಲ.

ಆದ್ದರಿಂದ ಸದ್ಯಕ್ಕೆ ಹಳೆಯ ತಂತ್ರಾಂಶವನ್ನು ಬಿಡಬೇಡಿ. ಗಂಜ್‌ನಲ್ಲಿ ಬಳಕೆಯಲ್ಲಿರುವ ಟ್ಯಾಲಿಯಂಥ ತಂತ್ರಾಂಶಗಳ ಶಾಶ್ವತ ಲೈಸೆನ್ಸ್ ಇದ್ದವರು ವಾರ್ಷಿಕ ಸೇವಾ ನವೀಕರಣವನ್ನು ಒಂದು ವರ್ಷ ಬಿಟ್ಟರೂ ಕೊಂಡ ಆವೃತ್ತಿ ನಡೆಯುತ್ತದೆ. ನಿಲ್ಲುವುದು ಹೊಸ ಆವೃತ್ತಿ ಮತ್ತು ಆನ್‌ಲೈನ್ ಸೇವೆಗಳು. ಮುಂದೆ ಕ್ಲೌಡ್‌ಗೆ ಹೋಗುವುದೇ ಅನುಕೂಲ ಎನಿಸಿದರೆ, ಹಣ ಕೊಡುವ ಮೊದಲು ಪ್ರಾಯೋಗಿಕ ಅವಧಿಯಲ್ಲಿ ಹತ್ತಾರು ವೋಚರ್ ಹಾಕಿಸಿ, ದಿನವಹಿ, ಖಾತೆವಹಿ, ದಾಸ್ತಾನು ಮತ್ತು ಪಾರ್ಟಿವಾರು ಬಾಕಿಯನ್ನು ಎಕ್ಸೆಲ್‌ಗೆ ಇಳಿಸಿ ತೋರಿಸುವಂತೆ ಡೀಲರರನ್ನು ಕೇಳಿ. ‘ಬ್ಯಾಕಪ್ ಬರುತ್ತದೆ’ ಎಂಬ ಉತ್ತರ ಸಾಲದು, ಏಕೆಂದರೆ ಅನೇಕ ಸಲ ಆ ಬ್ಯಾಕಪ್ ಅದೇ ತಂತ್ರಾಂಶದಲ್ಲಿ ಮಾತ್ರ ತೆರೆಯುತ್ತದೆ. ಯಾವ ತಂತ್ರಾಂಶವಿದ್ದರೂ ಪ್ರತಿ ವರ್ಷ ಮಾರ್ಚ್ ಲೆಕ್ಕ ಮುಗಿದ ಕೂಡಲೇ ಈ ನಾಲ್ಕನ್ನೂ ಪಿಡಿಎಫ್ ಮತ್ತು ಎಕ್ಸೆಲ್ ರೂಪದಲ್ಲಿ ಇಳಿಸಿ ಎರಡು ಕಡೆ ಇಡುವ ಕೆಲಸವನ್ನು ಮುನೀಮರಿಗೆ ವಹಿಸಿ.

ಪ್ರಶ್ನೆ: ಬೀದರಿನಲ್ಲಿ ನಮ್ಮದು ಸಣ್ಣ ಮುದ್ರಣಾಲಯ. ಲಗ್ನಪತ್ರಿಕೆ, ಕರಪತ್ರ, ಬಿಲ್ ಬುಕ್ ಇತ್ಯಾದಿಗಳನ್ನು ಕನ್ನಡ, ಉರ್ದು ಮತ್ತು ಮರಾಠಿಯಲ್ಲಿ ಮಾಡಿಕೊಡುತ್ತೇವೆ. ನಾಲ್ಕು ಕಂಪ್ಯೂಟರುಗಳಿವೆ. ವಿನ್ಯಾಸದ ತಂತ್ರಾಂಶಗಳಿಗೆಲ್ಲ ಈಗ ವಾರ್ಷಿಕ ಬಾಡಿಗೆ. ನಾಲ್ಕಕ್ಕೂ ಕಟ್ಟಿದರೆ ಲಗ್ನಪತ್ರಿಕೆಯಲ್ಲಿ ಉಳಿಯುವುದೇನೂ ಇಲ್ಲ. ಪಕ್ಕದವರೆಲ್ಲ ಕಳ್ಳಪ್ರತಿಯಲ್ಲೇ ನಡೆಸುತ್ತಿದ್ದಾರೆ. ನಾವು ಪ್ರಾಮಾಣಿಕರಾಗಿದ್ದು ಸೋಲಬೇಕೆ? (ಮುದ್ರಕರು, ಬೀದರ್)

ಉತ್ತರ: ತಮ್ಮ ಸಿಟ್ಟು ನ್ಯಾಯವಾದದ್ದು. ನಮ್ಮ ಕಡೆಯ ಮುದ್ರಣದ ವ್ಯಾಪಾರ ಬಹುಕಾಲ ಕಳ್ಳಪ್ರತಿಗಳ ಮೇಲೆಯೇ ನಿಂತಿತ್ತು, ಲಗ್ನಪತ್ರಿಕೆಯ ದರವೂ ತಂತ್ರಾಂಶಕ್ಕೆ ಖರ್ಚೇ ಇಲ್ಲವೆಂಬ ಲೆಕ್ಕದಲ್ಲಿ ನಿಂತಿದೆ. ಹೀಗಾಗಿ ಬೆಲೆ ಏರಿದಾಗ ಪೆಟ್ಟು ಬೀಳುವುದು ಲೈಸೆನ್ಸ್ ಕೊಂಡವರಿಗೆ ಮಾತ್ರ. ಆದರೂ ಕಳ್ಳಪ್ರತಿಯ ದಾರಿ ಬೇಡ. 1957ರ ಕೃತಿಸ್ವಾಮ್ಯ ಕಾಯ್ದೆಯ 63ಬಿ ವಿಧಿಯಂತೆ, ಕಳ್ಳಪ್ರತಿಯೆಂದು ತಿಳಿದೂ ತಂತ್ರಾಂಶವನ್ನು ಕಂಪ್ಯೂಟರಿನಲ್ಲಿ ಬಳಸಿದರೆ 7 ದಿನಗಳಿಂದ 3 ವರ್ಷದವರೆಗೆ ಸೆರೆವಾಸ ಹಾಗೂ 50,000ದಿಂದ 2 ಲಕ್ಷ ರೂಪಾಯಿವರೆಗೆ ದಂಡ ವಿಧಿಸಬಹುದು. ಸೆರೆವಾಸವನ್ನು ಬಿಡುವ ವಿವೇಚನೆ ನ್ಯಾಯಾಲಯಕ್ಕಿರುವುದು ಲಾಭಕ್ಕಾಗಲಿ ವ್ಯಾಪಾರಕ್ಕಾಗಲಿ ಬಳಸದವರ ವಿಷಯದಲ್ಲಿ. ಮುದ್ರಣಾಲಯಕ್ಕೆ ಆ ರಿಯಾಯಿತಿ ಸಿಗದು.

ಆದರೆ ನಾಲ್ಕು ಕಂಪ್ಯೂಟರಿಗೂ ಬಾಡಿಗೆ ಕಟ್ಟಬೇಕೆಂಬ ಲೆಕ್ಕವೇ ಸರಿಯಿಲ್ಲ. ತಮ್ಮಲ್ಲಿ ನಡೆಯುವ ಕೆಲಸವನ್ನು ಬಿಡಿಸಿ ನೋಡಿ. ಅಕ್ಷರ ಜೋಡಣೆ, ಕರಡು ತಿದ್ದುವುದು, ಬಿಲ್ ಬುಕ್ಕಿನ ಗೆರೆ ಎಳೆಯುವುದು, ಹಳೆಯ ಪತ್ರಿಕೆಯಲ್ಲಿ ಹೆಸರು ಮತ್ತು ಮುಹೂರ್ತ ಬದಲಿಸುವುದು ಇವೇ ದಿನದ ಬಹುಪಾಲು ಕೆಲಸ, ಮತ್ತು ಇವುಗಳಲ್ಲಿ ಯಾವುದಕ್ಕೂ ದುಬಾರಿ ತಂತ್ರಾಂಶ ಬೇಕಿಲ್ಲ. ಒಂದು ಕಂಪ್ಯೂಟರಿಗೆ ಮಾತ್ರ ಲೈಸೆನ್ಸ್ ಇಟ್ಟುಕೊಂಡು ಬಣ್ಣದ ಅಂತಿಮ ಕೆಲಸವನ್ನು ಅಲ್ಲಿಗೆ ಕಳುಹಿಸಿ. ಉಳಿದ ಮೂರರಲ್ಲಿ ಪುಟವಿನ್ಯಾಸಕ್ಕೆ ಸ್ಕ್ರೈಬಸ್, ಚಿತ್ರರಚನೆಗೆ ಇಂಕ್‌ಸ್ಕೇಪ್, ಫೋಟೊ ತಿದ್ದಲು ಗಿಂಪ್, ಬರವಣಿಗೆಗೆ ಲಿಬ್ರೆ ಆಫೀಸ್ ಹಾಕಿಸಿ. ಈ ನಾಲ್ಕೂ ಉಚಿತ, ವ್ಯಾಪಾರಕ್ಕೆ ಬಳಸಲು ಯಾರ ಅನುಮತಿಯೂ ಬೇಡ. ಸ್ಕ್ರೈಬಸ್ ಬಹುಕಾಲ ಕನ್ನಡದ ಒತ್ತಕ್ಷರಗಳನ್ನು ಒಡೆದು ತೋರಿಸುತ್ತಿತ್ತು. 2024ರ ಜನವರಿಯಲ್ಲಿ ಬಂದ 1.6 ಆವೃತ್ತಿಯಿಂದ ಆ ತೊಂದರೆ ನೀಗಿದೆ, ಮುದ್ರಣಕ್ಕೆ ಬೇಕಾದ ನಾಲ್ಕು ಬಣ್ಣಗಳ ವಿಂಗಡಣೆಯೂ ಅದರಲ್ಲಿದೆ. ಇಂಕ್‌ಸ್ಕೇಪ್‌ನಲ್ಲಿ ಆ ವಿಂಗಡಣೆ ಇನ್ನೂ ಪಕ್ವವಾಗಿಲ್ಲ, ಆದ್ದರಿಂದ ಆಫ್‌ಸೆಟ್‌ಗೆ ಹೋಗುವ ಪುಟವನ್ನು ಅದರಲ್ಲಿ ಮುಗಿಸಬೇಡಿ.

ಅಕ್ಷರ ವಿನ್ಯಾಸಗಳ ಖರ್ಚೂ ತಪ್ಪುತ್ತದೆ. ಕನ್ನಡಕ್ಕೆ ನೋಟೊ ಸೆರಿಫ್, ಗುಬ್ಬಿ, ನವಿಲು, ದಪ್ಪ ಶೀರ್ಷಿಕೆಗೆ ಬಾಲೂ ತಮ್ಮ, ಉರ್ದುವಿಗೆ ನೋಟೊ ನಸ್ತಲೀಖ್ ಇವೆಲ್ಲ ಉಚಿತವಾಗಿ ದೊರೆಯುವ ಯೂನಿಕೋಡ್ (ಎಲ್ಲ ಲಿಪಿಗಳಿಗೂ ಒಂದೇ ಸಂಕೇತ ಪದ್ಧತಿ) ಅಕ್ಷರಗಳು. ಇವುಗಳಿಂದ ಇನ್ನೊಂದು ಲಾಭವಿದೆ. ಕನ್ನಡಕ್ಕೊಂದು, ಉರ್ದುವಿಗೊಂದು ಎಂದು ಬೇರೆ ಬೇರೆ ತಂತ್ರಾಂಶ ಇಟ್ಟುಕೊಂಡು, ಒಂದರಿಂದ ಚಿತ್ರವಾಗಿ ತೆಗೆದು ಇನ್ನೊಂದರಲ್ಲಿ ಅಂಟಿಸುವ ಬೀದರಿನ ಹಳೆಯ ಪದ್ಧತಿ ತಪ್ಪುತ್ತದೆ. ಒಂದೇ ಪುಟದಲ್ಲಿ ಮೂರೂ ಲಿಪಿಗಳನ್ನು ನೇರವಾಗಿ ಟೈಪ್ ಮಾಡಬಹುದು.

ಕಷ್ಟವಿರುವುದು ಹಳೆಯ ಕಡತಗಳಲ್ಲಿ. ಪೇಜ್‌ಮೇಕರ್ ಮತ್ತು ಕೋರಲ್ ಡ್ರಾ ಕಡತಗಳನ್ನು ಲಿಬ್ರೆ ಆಫೀಸಿನ ಡ್ರಾ ವಿಭಾಗ ತಕ್ಕಮಟ್ಟಿಗೆ ತೆರೆಯುತ್ತದೆ, ಆದರೆ ಅಲಂಕಾರ ಹೆಚ್ಚಿದ್ದಷ್ಟೂ ಚದುರಿ ಬರುತ್ತದೆ. ಹಳೆಯ ನುಡಿ ಅಕ್ಷರದಲ್ಲಿದ್ದ ಪಠ್ಯವನ್ನು ಯೂನಿಕೋಡಿಗೆ ಬದಲಿಸುವ ಪರಿವರ್ತಕ ನುಡಿ ತಂತ್ರಾಂಶದಲ್ಲೇ ಇದೆ. ಬದಲಿಸಿದ ಮೇಲೆ ಅರ್ಕಾವತ್ತು ಇರುವ ಪದಗಳನ್ನು ಕಣ್ಣಿಟ್ಟು ನೋಡಿ. ‘ಆಶೀರ್ವಾದ’, ‘ಸ್ವರ್ಗೀಯ’, ‘ಧರ್ಮಪತ್ನಿ’ ಈ ಮೂರು ಪ್ರತಿ ಲಗ್ನಪತ್ರಿಕೆಯಲ್ಲೂ ಇರುತ್ತವೆ, ಮತ್ತು ಹಳೆಯ ಪದ್ಧತಿಯಲ್ಲಿ ಅರ್ಕಾವತ್ತು ಅಕ್ಷರದ ನಂತರ ಬೇರೆಯೇ ಚಿಹ್ನೆಯಾಗಿ ಕೂರುತ್ತಿದ್ದುದರಿಂದ ತಪ್ಪುಗಳು ನುಸುಳುವುದು ಅಲ್ಲಿಯೇ. ಕರಡಿನಲ್ಲಿ ‘ಸ್ವರ್ಗೀಯ’ ತಪ್ಪಿದರೆ ಬೀಗರು ಕಾಗದದ ಹಣವನ್ನೂ ಕೊಡುವುದಿಲ್ಲ ಎಂಬುದು ತಮಗೆ ಹೇಳಬೇಕಾದ್ದಲ್ಲ. ಈ ಬದಲಾವಣೆಯನ್ನು ಮದುವೆಯ ಹಂಗಾಮಿನಲ್ಲಿ ಆರಂಭಿಸಬೇಡಿ. ಆಷಾಢದಲ್ಲಿ ಕೈ ಬಿಡುವಾದಾಗ ಹುಡುಗರನ್ನು ಕೂರಿಸಿ ಕಲಿಸಿ.

ಪ್ರಶ್ನೆ: ತಂತ್ರಾಂಶವನ್ನು ಒಮ್ಮೆ ತಯಾರಿಸಿದ ಮೇಲೆ ಕಂಪನಿಗೆ ಕಚ್ಚಾ ಮಾಲಿನ ಖರ್ಚಿಲ್ಲ. ಹಾಗಿದ್ದೂ ಬೆಲೆ ಏಕೆ ಏರುತ್ತಲೇ ಇದೆ? (ವಾಣಿಜ್ಯ ವಿದ್ಯಾರ್ಥಿನಿ, ಕಲಬುರಗಿ)

ಉತ್ತರ: ಕಾರಣಗಳು ಹಲವಿವೆ, ಎಲ್ಲವೂ ಒಂದೇ ತೂಕದವಲ್ಲ. ಕ್ಲೌಡ್ ಸೇವೆಗೆ ಸರ್ವರ್ ಮತ್ತು ವಿದ್ಯುತ್ತಿನ ಖರ್ಚು ನಿಜವಾಗಿಯೂ ಇದೆ. ವಿದೇಶಿ ಕಂಪನಿಗಳಿಗೆ ಡಾಲರಿನಲ್ಲಿ ಪಾವತಿ ಮಾಡುವವರಿಗೆ ರೂಪಾಯಿಯ ಕುಸಿತವೇ ಒಂದು ಬೆಲೆಯೇರಿಕೆ: 2022ರ ಆರಂಭದಲ್ಲಿ 75 ರೂಪಾಯಿಯ ಆಸುಪಾಸಿನಲ್ಲಿದ್ದ ಡಾಲರ್ ಅದೇ ವರ್ಷ 80 ದಾಟಿತು, ಆ ವರ್ಷ ಕಂಪನಿ ದರವನ್ನು ಮುಟ್ಟದಿದ್ದರೂ ನಮ್ಮ ಗಿರಾಕಿಯ ಬಿಲ್ಲು ಹೆಚ್ಚಾಯಿತು.

ಆದರೆ ನಮ್ಮ ಅಭಿಪ್ರಾಯದಲ್ಲಿ ಮೂಲ ಕಾರಣ ಮಾರಾಟದ ಪದ್ಧತಿ ಬದಲಾದದ್ದು. ಮೊದಲು ಹೊಸ ಆವೃತ್ತಿ ಇಷ್ಟವಾಗದಿದ್ದರೆ ಹಳೆಯದರಲ್ಲೇ ಮುಂದುವರಿಯುವ ಸ್ವಾತಂತ್ರ್ಯ ಗಿರಾಕಿಗಿತ್ತು, ಹಾಗಾಗಿ ಕಂಪನಿ ಪ್ರತಿ ಸಲವೂ ಅವನನ್ನು ಒಲಿಸಬೇಕಾಗಿತ್ತು. ಅಡೋಬ್ ಕಂಪನಿ 2013ರಲ್ಲಿ ತನ್ನ ವಿನ್ಯಾಸದ ತಂತ್ರಾಂಶಗಳನ್ನು ಇನ್ನು ಬಾಡಿಗೆಗೆ ಮಾತ್ರ ಕೊಡುವುದಾಗಿ ಸಾರಿತು. ನಕ್ಷೆಯ ತಂತ್ರಾಂಶಗಳ ಆಟೊಡೆಸ್ಕ್ 2016ರಲ್ಲಿ ಹೊಸ ಶಾಶ್ವತ ಲೈಸೆನ್ಸ್ ಮಾರುವುದನ್ನು ನಿಲ್ಲಿಸಿತು. ಒಂದೇ ಸರ್ವರನ್ನು ಹಲವು ಸರ್ವರುಗಳಂತೆ ಬಳಸಲು ನೆರವಾಗುವ ತಂತ್ರಾಂಶದ ಕಂಪನಿ ವಿಎಂವೇರ್ ಅನ್ನು 2023ರ ನವೆಂಬರಿನಲ್ಲಿ ಕೊಂಡ ಬ್ರಾಡ್‌ಕಾಮ್ ಮುಂದಿನ ತಿಂಗಳಿನಲ್ಲೇ ಅದರ ಶಾಶ್ವತ ಲೈಸೆನ್ಸುಗಳ ಮಾರಾಟಕ್ಕೆ ತೆರೆ ಎಳೆಯಿತು. ಸ್ವಂತ ಸರ್ವರ್ ಇಟ್ಟುಕೊಂಡ ಆಸ್ಪತ್ರೆ, ಕಾಲೇಜುಗಳಿಗೆ ಇದರ ಬಿಸಿ ತಟ್ಟಿದೆ.

ಇತ್ತೀಚಿನ ಮತ್ತೊಂದು ರೀತಿ ಬೇಡದ ವಸ್ತುವನ್ನು ಜೊತೆಗೆ ಕಟ್ಟಿ ದರ ಏರಿಸುವುದು. ಮೈಕ್ರೋಸಾಫ್ಟ್ 2025ರ ಆರಂಭದಲ್ಲಿ ತನ್ನ 365 ಸರಣಿಯ ವೈಯಕ್ತಿಕ ಚಂದಾಗಳಿಗೆ ಕೃತಕ ಬುದ್ಧಿಮತ್ತೆಯ ಸಹಾಯಕವನ್ನು ಸೇರಿಸಿ ದರ ಹೆಚ್ಚಿಸಿತು. ಅದಿಲ್ಲದ ಹಳೆಯ ದರದ ಯೋಜನೆಯೂ ಇದ್ದುದನ್ನು ಗಿರಾಕಿಗಳಿಂದ ಮರೆಮಾಚಲಾಗಿದೆ, ಚಂದಾ ರದ್ದು ಮಾಡಲು ಹೊರಟವರಿಗೆ ಮಾತ್ರ ಅದು ಕಾಣಿಸುತ್ತದೆ ಎಂದು ಆಸ್ಟ್ರೇಲಿಯಾದ ಸ್ಪರ್ಧಾ ಮತ್ತು ಗ್ರಾಹಕ ಆಯೋಗವು ಅದೇ ವರ್ಷ ಅಕ್ಟೋಬರಿನಲ್ಲಿ ನ್ಯಾಯಾಲಯಕ್ಕೆ ಹೋಯಿತು. ತಮ್ಮ ಅಧ್ಯಯನಕ್ಕೆ ವಿಷಯ ಬೇಕಿದ್ದರೆ, ದರ ಎಷ್ಟು ಏರಿತು ಎಂಬುದಕ್ಕಿಂತ ಗಿರಾಕಿ ಬಿಟ್ಟುಹೋಗುವುದು ಎಷ್ಟು ಕಷ್ಟವಾಗಿದೆ ಎಂಬುದನ್ನು ಗಂಜ್‌ನ ಅಂಗಡಿಗಳಲ್ಲಿ ವಿಚಾರಿಸಿ ಬರೆಯಿರಿ.

ಪ್ರಶ್ನೆ: ಶಹಾಪುರದಲ್ಲಿ ಮನೆಗಳ ನಕ್ಷೆ ಮಾಡಿಕೊಡುವ ಸಿವಿಲ್ ಎಂಜಿನಿಯರ್ ನಾನು. ನಕ್ಷೆಯ ತಂತ್ರಾಂಶದ ಬಾಡಿಗೆ ಹೆಚ್ಚಾದರೂ ಅದನ್ನು ಆದಾಯ ತೆರಿಗೆಯಲ್ಲಿ ಖರ್ಚು ತೋರಿಸಬಹುದಲ್ಲ ಎಂದು ಮಾರುವವರು ಹೇಳುತ್ತಾರೆ. ನಿಜವೇ? (ಎಂಜಿನಿಯರ್, ಯಾದಗಿರಿ ಜಿಲ್ಲೆ)

ಉತ್ತರ: ಪೂರ್ಣ ಲೆಕ್ಕಪತ್ರ ಇಡುವವರಿಗೆ ನಿಜ. ತಾವು ವೃತ್ತಿಪರರ ಅಂದಾಜು ಆದಾಯದ ಪದ್ಧತಿಯಲ್ಲಿ, ಅಂದರೆ ಬಂದ ಹಣದ ಶೇ 50ನ್ನು ಆದಾಯವೆಂದು ತೋರಿಸಿ ತೆರಿಗೆ ಕಟ್ಟುವವರಾದರೆ, ಉಳಿದ ಅರ್ಧದಲ್ಲೇ ಎಲ್ಲ ಖರ್ಚೂ ಅಡಗಿರುತ್ತದೆ. ತಂತ್ರಾಂಶಕ್ಕೆಂದು ಬೇರೆ ಕಡಿತ ಸಿಗುವುದಿಲ್ಲ. ಬಾಡಿಗೆ ಏರಿದಷ್ಟೂ ತಮ್ಮ ಜೇಬಿಗೇ ಹೊರೆ.

ಎರಡು ಆಯಾಮದ ನಕ್ಷೆಯಷ್ಟೇ ತಮ್ಮ ಕೆಲಸವಾದರೆ ಪೂರ್ಣ ಆಟೊಕ್ಯಾಡ್ ಬೇಕಿಲ್ಲ. ಅದರ ಎಲ್‌ಟಿ ಆವೃತ್ತಿ ಅಗ್ಗ. ಆಟೊಕ್ಯಾಡ್‌ನದೇ ಡಿಡಬ್ಲ್ಯೂಜಿ ನಕ್ಷೆ ಕಡತಗಳಲ್ಲಿ ಕೆಲಸ ಮಾಡುವ ಬ್ರಿಕ್ಸ್‌ಕ್ಯಾಡ್, ಜೆಡ್‌ಡಬ್ಲ್ಯೂಕ್ಯಾಡ್‌ನಂಥವು ಒಂದೇ ಸಲ ಹಣ ಕೊಟ್ಟು ಕೊಳ್ಳುವ ಲೈಸೆನ್ಸನ್ನೂ ಕೊಡುತ್ತವೆ. ಉಚಿತವಾದ ಲಿಬ್ರೆಕ್ಯಾಡ್ ಡಿಎಕ್ಸ್‌ಎಫ್ ಎಂಬ ಇನ್ನೊಂದು ಬಗೆಯ ಕಡತಗಳಲ್ಲಿ ಚೆನ್ನಾಗಿ ನಡೆಯುತ್ತದೆ, ಡಿಡಬ್ಲ್ಯೂಜಿಯಲ್ಲಿ ತೊಡಕುಂಟು. ನಗರಸಭೆಗೆ ಯಾವ ಬಗೆಯ, ಯಾವ ಆವೃತ್ತಿಯ ಕಡತ ಬೇಕೆಂದು ಮೊದಲು ಕೇಳಿ ತಿಳಿದುಕೊಂಡು, ಒಂದು ಹಳೆಯ ನಕ್ಷೆಯನ್ನು ಹೊಸ ತಂತ್ರಾಂಶದಲ್ಲಿ ತೆರೆದು ಅಳತೆಗಳೂ ಪದರುಗಳೂ ಸರಿಯಾಗಿ ಬರುತ್ತವೆಯೇ ಎಂದು ನೋಡಿದ ನಂತರವೇ ಹಣ ಕೊಡಿ.

ಪ್ರಶ್ನೆ: ಪ್ರಾಯೋಗಿಕವಾಗಿ ಹಾಕಿಕೊಂಡ ತಂತ್ರಾಂಶಕ್ಕೆ ನಮ್ಮ ಖಾತೆಯಿಂದ ತಾನಾಗಿಯೇ ಹಣ ಕಡಿತವಾಗುತ್ತಿದೆ. ತಡೆಯುವುದು ಹೇಗೆ? (ಟ್ಯೂಷನ್ ಕೇಂದ್ರ ನಡೆಸುವವರು, ಯಾದಗಿರಿ)

ಉತ್ತರ: ರಿಸರ್ವ್ ಬ್ಯಾಂಕಿನ ನಿಯಮದಂತೆ ಇಂಥ ಕಡಿತಕ್ಕೆ ಕನಿಷ್ಠ 24 ಗಂಟೆ ಮೊದಲು ಬ್ಯಾಂಕು ತಮಗೆ ಸಂದೇಶ ಕಳಿಸಬೇಕು, ಬೇಡವೆನ್ನುವ ಅವಕಾಶವೂ ಅದರಲ್ಲಿರಬೇಕು. 15,000 ರೂಪಾಯಿವರೆಗಿನ ಕಡಿತಕ್ಕೆ ಪ್ರತಿ ಸಲ ಒಟಿಪಿ ಬೇಕಿಲ್ಲವಾದ್ದರಿಂದ ಆ ಸಂದೇಶವನ್ನು ಓದದೆ ಬಿಟ್ಟರೆ ಹಣ ಹೋಗುತ್ತದೆ. ಬ್ಯಾಂಕಿನ ಆ್ಯಪ್‌ನಲ್ಲಿ ಅಥವಾ ಯುಪಿಐ ಆ್ಯಪ್‌ನ ಆಟೊಪೇ ವಿಭಾಗದಲ್ಲಿ ಆ ಒಪ್ಪಿಗೆಯನ್ನು ರದ್ದು ಮಾಡಿ. ಅಷ್ಟಕ್ಕೇ ಕರಾರು ಮುಗಿಯುವುದಿಲ್ಲ, ತಂತ್ರಾಂಶದ ಖಾತೆಯೊಳಗೂ ಚಂದಾ ರದ್ದುಪಡಿಸಿ ಅದರ ಇಮೇಲ್ ಇಟ್ಟುಕೊಳ್ಳಿ. ತಿಂಗಳ ಕಂತಿನಲ್ಲಿ ಕಟ್ಟುವ ವಾರ್ಷಿಕ ಕರಾರು ಬೇರೆ, ನಿಜವಾದ ಮಾಸಿಕ ಕರಾರು ಬೇರೆ. ಮೊದಲನೆಯದನ್ನು ನಡುವೆ ಬಿಟ್ಟರೆ ದಂಡ ಬೀಳಬಹುದು. ಈ ದಂಡವನ್ನು ಗಿರಾಕಿಗಳಿಗೆ ಸ್ಪಷ್ಟವಾಗಿ ತಿಳಿಸಿಲ್ಲವೆಂಬ ಆರೋಪದ ಮೇಲೆಯೇ 2024ರ ಜೂನ್‌ನಲ್ಲಿ ಅಮೆರಿಕ ಸರ್ಕಾರ ಅಡೋಬ್ ವಿರುದ್ಧ ಮೊಕದ್ದಮೆ ಹೂಡಿತು.

ಪ್ರಶ್ನೆ: ಹುಮನಾಬಾದಿನಲ್ಲಿ ನಮ್ಮದು ಕಿರಾಣಿ ಅಂಗಡಿ, ಜಿಎಸ್‌ಟಿಯ ಕಾಂಪೊಸಿಷನ್ ಪದ್ಧತಿಯಲ್ಲಿದ್ದೇವೆ, ಅಂದರೆ ಗಿರಾಕಿಯಿಂದ ತೆರಿಗೆ ಪಡೆಯದೆ ವಹಿವಾಟಿನ ಮೇಲೆ ಸಣ್ಣ ಪ್ರಮಾಣದ ತೆರಿಗೆ ಕಟ್ಟುತ್ತೇವೆ. ಕಂಪ್ಯೂಟರ್ ಬಿಲ್ ಕೊಡದಿದ್ದರೆ ದಂಡ ಬೀಳುತ್ತದೆ ಎಂದು ಹೆದರಿಸಿ ಬಿಲ್ಲಿಂಗ್ ಯಂತ್ರ ಮತ್ತು ವಾರ್ಷಿಕ ತಂತ್ರಾಂಶ ಮಾರಲು ಬರುತ್ತಿದ್ದಾರೆ. (ಕಿರಾಣಿ ವ್ಯಾಪಾರಿ, ಬೀದರ್ ಜಿಲ್ಲೆ)

ಉತ್ತರ: ಬಿಲ್ ಕಂಪ್ಯೂಟರಿನಲ್ಲೇ ಆಗಬೇಕೆಂದು ಜಿಎಸ್‌ಟಿ ಕಾನೂನು ತಮ್ಮಂಥ ಅಂಗಡಿಗೆ ಹೇಳಿಲ್ಲ. ಕ್ರಮಸಂಖ್ಯೆ ಇರುವ, ಕೈಬರಹದ ಬಿಲ್ ಬುಕ್ ಸಾಕು. ಅದರ ಮೇಲ್ಭಾಗದಲ್ಲಿ ತಾವು ಕಾಂಪೊಸಿಷನ್ ವರ್ತಕರು, ಗಿರಾಕಿಯಿಂದ ತೆರಿಗೆ ವಸೂಲಿ ಮಾಡಲು ಅರ್ಹರಲ್ಲ ಎಂಬ ಒಕ್ಕಣೆ ಇರಬೇಕು. 200 ರೂಪಾಯಿಗಿಂತ ಕಡಿಮೆಯ ಮಾರಾಟಕ್ಕೆ ಗಿರಾಕಿ ಕೇಳದಿದ್ದರೆ ಬಿಡಿ ಬಿಲ್ ಬೇಡ, ದಿನದ ಕೊನೆಗೆ ಎಲ್ಲ ಸೇರಿಸಿ ಒಂದು ಬಿಲ್ ಬರೆದರಾಯಿತು. ಮೂರು ತಿಂಗಳಿಗೊಮ್ಮೆ ಸಲ್ಲಿಸುವ ಸಿಎಂಪಿ-08 ಮತ್ತು ವರ್ಷಕ್ಕೊಮ್ಮೆ ಸಲ್ಲಿಸುವ ಜಿಎಸ್‌ಟಿಆರ್-4 ಎರಡನ್ನೂ ಜಿಎಸ್‌ಟಿ ಪೋರ್ಟಲ್‌ನಲ್ಲಿ ಶುಲ್ಕವಿಲ್ಲದೆ ತುಂಬಬಹುದು. ಕಂಪ್ಯೂಟರಿನಲ್ಲೇ ಬಿಲ್ ಮಾಡುವ ಮನಸ್ಸಿದ್ದರೆ, ವಹಿವಾಟು 1.5 ಕೋಟಿ ರೂಪಾಯಿ ಮೀರದ ವರ್ತಕರಿಗೆಂದು ಅದೇ ಪೋರ್ಟಲ್‌ನ ಡೌನ್‌ಲೋಡ್ ವಿಭಾಗದಲ್ಲಿ ಉಚಿತ ಬಿಲ್ಲಿಂಗ್ ತಂತ್ರಾಂಶಗಳನ್ನು ಕೊಟ್ಟಿದ್ದಾರೆ, ಮೊದಲು ಅವುಗಳಲ್ಲಿ ಒಂದನ್ನು ಹಾಕಿ ನೋಡಿ. ಮಾರಲು ಬಂದವರು ಮತ್ತೆ ದಂಡದ ಮಾತೆತ್ತಿದರೆ, ಯಾವ ಕಾಯ್ದೆಯ ಯಾವ ವಿಧಿ ಎಂದು ಬರೆದುಕೊಡಲು ಹೇಳಿ.